ಚಿಪ್‌ಸೆಟ್ ಫ್ಯಾನ್ ಬದಲಿಸಿಕೊಡದ ಬಗ್ಗೆ ದೂರು

ಶಿವಮೊಗ್ಗ
ಜನವರಿ 2025

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ವಿಷಯ: ಕಂಪ್ಯೂಟರಿನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡಿನ ಚಿಪ್‌ಸೆಟ್ ಫ್ಯಾನ್ ವಿಪರೀತ ಸದ್ದು ಮಾಡುತ್ತಿರುವುದು

ಮಾನ್ಯರೇ,

2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ನಿಮ್ಮ ಎಕ್ಸ್570 ಮದರ್‌ಬೋರ್ಡ್ ಕೊಂಡೆ. ಮೂರು ವರ್ಷದ ವಾರಂಟಿ ಇನ್ನೂ ಮುಗಿದಿಲ್ಲ. ಬಿಲ್ಲಿನ ಪ್ರತಿ ಜೊತೆಗಿದೆ. ಬೋರ್ಡಿನ ಮೇಲೆ ನನ್ನ ದೂರಿಲ್ಲ. ಬೋರ್ಡಿನ ಭಾಗಗಳ ನಡುವೆ ಮಾಹಿತಿ ಸಾಗಿಸುವ ಚಿಪ್, ಅಂದರೆ ಚಿಪ್‌ಸೆಟ್ ಮೇಲೆ, ಅದನ್ನು ತಂಪಾಗಿಡಲು ಕೂತಿರುವ ಪುಟ್ಟ ಫ್ಯಾನಿನದೇ ತೊಂದರೆ.

ದೀಪಾವಳಿ ಕಳೆದ ಮೇಲೆ ಸದ್ದು ಶುರುವಾಯಿತು. ಆನ್ ಮಾಡಿದ ಕೂಡಲೇ ಕಿರ್ರ್ ಅನ್ನುತ್ತದೆ. ಹತ್ತು ನಿಮಿಷದ ಮೇಲೆ ಕಿವಿ ಹತ್ತಿರ ಸೊಳ್ಳೆ ಬಂದ ಹಾಗೆ ಗುಂಯ್‌ಗುಡುತ್ತದೆ, ನಿಲ್ಲುವುದೇ ಇಲ್ಲ. ನಾನು ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುತ್ತೇನೆ. ಈ ಸದ್ದು ಮೈಕಿಗೆ ಹೋಗಿ, ಸಮಾಜ ವಿಜ್ಞಾನದ ಮೂರು ಪಾಠಗಳನ್ನು ಮತ್ತೆ ಓದಬೇಕಾಯಿತು. ಇಯರ್‌ಫೋನ್ ಹಾಕಿಕೊಂಡು ಗಂಟೆಗಟ್ಟಲೆ ಕೇಳುವ ಮಕ್ಕಳಿಗೆ ಅದೆಷ್ಟು ಹಿಂಸೆ ಅಲ್ವಾ?

ಸುಮ್ನೆ ಫ್ಯಾನಿನ ಮೇಲೆ ತಪ್ಪು ಹೊರಿಸುತ್ತಿಲ್ಲ. ಬ್ರಷ್‌ನಿಂದ ಧೂಳು ತೆಗೆದೆ. ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಬಯೋಸ್ ಎಂಬ ಸೆಟ್ಟಿಂಗ್‌ನಲ್ಲಿ ಚಿಪ್‌ಸೆಟ್ ಫ್ಯಾನನ್ನು ಸೈಲೆಂಟ್‌ಗೆ ಇಟ್ಟೆ. ಕೊನೆಗೆ ಹತ್ತಿಕಡ್ಡಿಯಿಂದ ಎರಡು ಸೆಕೆಂಡ್ ಅದರ ನಡುವನ್ನು ಮೆಲ್ಲಗೆ ಒತ್ತಿ ಹಿಡಿದೆ. ಸದ್ದು ಪೂರ್ತಿ ನಿಂತಿತು. ಬಿಟ್ಟೆ, ಮತ್ತೆ ಶುರು. ಇಷ್ಟು ಚಿಕ್ಕ ಫ್ಯಾನ್ ಸಾಕಷ್ಟು ಗಾಳಿ ತಳ್ಳಬೇಕಾದರೆ ಜೋರಾಗಿಯೇ ತಿರುಗಬೇಕು. ಅದೂ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ, ಅದರ ಬಿಸಿಗಾಳಿಯಲ್ಲೇ. ಬೇರಿಂಗ್‌ನ ಎಣ್ಣೆ ಒಣಗಿದರೆ ಕಿರುಚದೆ ಇನ್ನೇನು ಮಾಡುತ್ತದೆ? ಇದೇ ಚಿಪ್‌ಸೆಟ್‌ಗೆ 2021ರಲ್ಲಿ ಫ್ಯಾನೇ ಇಲ್ಲದ ಎಕ್ಸ್570ಎಸ್ ಬೋರ್ಡುಗಳು ಮಾರುಕಟ್ಟೆಗೆ ಬಂದವು. ಹಾಗಾಗಿ ಇದು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ.

ನಿಮ್ಮ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ, "ಫ್ಯಾನ್ ತಿರುಗ್ತಿದೆಯಲ್ಲ ಮೇಡಂ, ಕೆಟ್ಟಿಲ್ಲ" ಅಂದರು. ಮತ್ತೆ ಕೇಳಿದ್ದಕ್ಕೆ ಬೋರ್ಡನ್ನೇ ಬಿಚ್ಚಿ ಬೆಂಗಳೂರಿಗೆ ಕಳಿಸಿ, ಮೂರು ವಾರ ಆಗುತ್ತದೆ ಅಂದರು. ಫ್ಯಾನ್ ಮಾತ್ರ ಕೊಡುವುದಿಲ್ಲವಂತೆ. ನಾನೇ ಬೇರೆ ಹಾಕಿಕೊಂಡರೆ ವಾರಂಟಿ ಹೋಗುತ್ತದಂತೆ. ನಾಲ್ಕು ಸ್ಕ್ರೂ, ಒಂದು ಪ್ಲಗ್‌ನ ಕೆಲಸಕ್ಕೆ ಮೂರು ವಾರ ಮಕ್ಕಳ ಪಾಠ ನಿಲ್ಲಿಸಲು ನಾನು ಒಪ್ಪುವುದಿಲ್ಲ.

ನಾನು ಕೇಳುತ್ತಿರುವುದು ಇಷ್ಟೇ. ಈ ಬೋರ್ಡಿಗೆ ಕೂರುವ, ಸದ್ದು ಕಡಿಮೆಯ ಹೊಸ ಫ್ಯಾನನ್ನು ವಾರಂಟಿಯಲ್ಲಿ ನನ್ನ ವಿಳಾಸಕ್ಕೆ ಕಳಿಸಿ. ಆಗದಿದ್ದರೆ, ನಾನೇ ಬದಲಿಸಿದರೂ ವಾರಂಟಿ ಉಳಿಯುತ್ತದೆ ಎಂದು ಬರೆದುಕೊಡಿ. ನಾಕ್ಟುವಾ ಕಂಪನಿಯ 40 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಫ್ಯಾನ್ ನೋಡಿಟ್ಟಿದ್ದೇನೆ. ಅದರ ಸ್ಕ್ರೂ ತೂತುಗಳ ನಡುವೆ 32 ಮಿ.ಮೀ. ಅಂತರವಿದೆ. ನಿಮ್ಮ ಬೋರ್ಡಿನ ಪ್ಲಗ್ ಮಾತ್ರ ಮಾಮೂಲಿಗಿಂತ ಚಿಕ್ಕದು. ಯಾವ ತಂತಿ ಯಾವುದಕ್ಕೆ, ಎಷ್ಟು ವೋಲ್ಟ್, ಫ್ಯಾನಿನ ಕೆಳಗೆ ಚಿಪ್‌ನ ಬಿಸಿ ಹೀರುವ ನಿಮ್ಮ ಲೋಹದ ಹೀಟ್‌ಸಿಂಕ್‌ನ ತೂತಿನ ಅಳತೆ ಎಷ್ಟು ಎಂದು ತಿಳಿಸಿ. ಊಹೆಯ ಮೇಲೆ ತಂತಿ ಜೋಡಿಸಿ ಚೆನ್ನಾಗಿರುವ ಬೋರ್ಡನ್ನು ಸುಡಲು ನನಗೆ ಇಷ್ಟವಿಲ್ಲ.

15 ದಿನದೊಳಗೆ ಲಿಖಿತ ಉತ್ತರ ಕೊಡಿ. ಬರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಸದ್ದಿನ ರೆಕಾರ್ಡಿಂಗ್ ಅನ್ನೂ ಇದರ ಜೊತೆ ಕಳಿಸಿದ್ದೇನೆ. ದಯವಿಟ್ಟು ಇಯರ್‌ಫೋನ್ ಹಾಕಿಕೊಂಡು ಕೇಳಿ.

ಇಂತಿ,
ನಿಮ್ಮ ಗ್ರಾಹಕಿ