ಹಳೆ ಡೆಸ್ಕ್‌ಟಾಪ್ ಬಿಲ್ಲಿನಲ್ಲಿ ವಿದ್ಯುತ್ ಸಾಮರ್ಥ್ಯದ (ವ್ಯಾಟ್) ವಿವರವೂ ಇರಲಿ

ಮಾನ್ಯರೇ,

ಎಂಜಿನಿಯರಿಂಗ್ ತರಗತಿಗಳು ಆರಂಭವಾಗುವ ಹೊತ್ತಿಗೆ, ಕಚೇರಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳನ್ನು ಹುಡುಕಿಕೊಂಡು ಪೋಷಕರು ಬೆಳಗಾವಿಯ ಕಂಪ್ಯೂಟರ್ ಅಂಗಡಿಗಳಿಗೆ ಬರುತ್ತಾರೆ. ಯಂತ್ರಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ; ನನ್ನ ತಕರಾರು ಅವುಗಳ ಮೇಲಲ್ಲ, ಬಿಲ್ಲಿನ ಮೇಲೆ. ಪ್ರೊಸೆಸರ್, ರ್‍ಯಾಮ್‌ಗಳ ವಿವರ ಬರೆದುಕೊಡುವ ವ್ಯಾಪಾರಿಗಳು ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಎಷ್ಟು ವ್ಯಾಟ್‌ನದು ಎಂಬುದನ್ನು ಮಾತ್ರ ಬರೆಯುವುದಿಲ್ಲ. ನಕ್ಷೆ ಬಿಡಿಸುವ ಕ್ಯಾಡ್ ತಂತ್ರಾಂಶಕ್ಕೋ ಆಟಕ್ಕೋ (ಹೆಚ್ಚಾಗಿ ಆಟಕ್ಕೇ) ಪರದೆಯ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ಹೊರಟಾಗ ಆ ಸಂಖ್ಯೆಯೇ ಮುಖ್ಯವಾಗುತ್ತದೆ.

ಇಂಥ ಸಣ್ಣ ಗಾತ್ರದ ಡೆಸ್ಕ್‌ಟಾಪ್‌ಗಳಲ್ಲಿ ಅನೇಕವು 180ರಿಂದ 260 ವ್ಯಾಟ್ ಎಸ್‌ಎಂಪಿಎಸ್ ಹೊಂದಿರುತ್ತವೆ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಒದಗಿಸುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದಲೇ ಆರು ಅಥವಾ ಎಂಟು ಪಿನ್ನಿನ ಪ್ರತ್ಯೇಕ ಕೇಬಲ್ ಬೇಕು. ಇಂಥ ಎಸ್‌ಎಂಪಿಎಸ್‌ಗಳಲ್ಲಿ ಆ ಕೇಬಲ್ ಹೆಚ್ಚಾಗಿ ಇರುವುದಿಲ್ಲ. ಆದ್ದರಿಂದ 30 ವ್ಯಾಟ್‌ನ ಜಿಟಿ 1030 ಅಥವಾ 2024ರಲ್ಲಿ ಬಂದ 70 ವ್ಯಾಟ್‌ನ 6 ಜಿಬಿ ಆರ್‌ಟಿಎಕ್ಸ್ 3050ಯಂಥ ಕಾರ್ಡುಗಳನ್ನು ನೋಡುವುದು ಕ್ಷೇಮ. ಆದರೆ ‘3050 ಕೊಡಿ’ ಎಂದಷ್ಟೇ ಕೇಳಿದರೆ ಸಾಲದು. 2022ರ 8 ಜಿಬಿ ಕಾರ್ಡಿನ ಹೆಸರೂ ಅದೇ, ಅದಕ್ಕೆ ಬೇಕಾದದ್ದು 130 ವ್ಯಾಟ್. ಜಿಟಿಎಕ್ಸ್ 1650ಯಲ್ಲಿಯೂ ಕೆಲವು ತಯಾರಕರ ಕಾರ್ಡುಗಳಿಗೆ ಆರು ಪಿನ್ನಿನ ಕೇಬಲ್ ಬೇಕಾಗುತ್ತದೆ. ಕ್ಯಾಬಿನೆಟ್ ತೆಳುವಾಗಿದ್ದರೆ ಲೋ ಪ್ರೊಫೈಲ್ (ಕಡಿಮೆ ಎತ್ತರದ) ಕಾರ್ಡನ್ನೇ ಕೊಳ್ಳಬೇಕು.

ಎಸ್‌ಎಂಪಿಎಸ್ ಬದಲಿಸಿದರಾಯಿತು ಎನ್ನುವವರಿದ್ದಾರೆ. ಈ ಕಂಪನಿಗಳ ಹಲವು ಮಾದರಿಗಳಲ್ಲಿ ಮದರ್‌ಬೋರ್ಡಿನ ಕನೆಕ್ಟರ್ ಕಂಪನಿಯದೇ ವಿನ್ಯಾಸದ್ದಾಗಿದ್ದು, ಪೇಟೆಯಲ್ಲಿ ಸಿಗುವ 24 ಪಿನ್ನಿನ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ. ಆಗ ಕೆಲವರು ಹಾರ್ಡ್ ಡಿಸ್ಕಿಗೆ ವಿದ್ಯುತ್ ಒಯ್ಯುವ ಸಾಟಾ ಕೇಬಲ್‌ಗೆ ಅಗ್ಗದ ಅಡಾಪ್ಟರ್ ಸಿಕ್ಕಿಸಿ ಆರು ಪಿನ್ ಮಾಡಿಕೊಡುತ್ತಾರೆ. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್ನುಗಳ ಮಿತಿ 54 ವ್ಯಾಟ್. ಆರು ಪಿನ್ನಿನ ಕಾರ್ಡು 75 ವ್ಯಾಟ್‌ವರೆಗೆ ಎಳೆಯಬಲ್ಲದು. ಕನೆಕ್ಟರ್ ಕಾದು ಕರಗುವ ಅಪಾಯವಿರುವ ಈ ಜೋಡಣೆಯನ್ನು ಯಾರೂ ಒಪ್ಪಿಕೊಳ್ಳಬಾರದು.

ಎಸ್‌ಎಂಪಿಎಸ್ ಎಷ್ಟು ವ್ಯಾಟ್‌ನದು, ಕಾರ್ಡಿಗೆ ಪ್ರತ್ಯೇಕ ಕೇಬಲ್ ಇದೆಯೇ, ಪೂರ್ಣ ಎತ್ತರದ ಕಾರ್ಡು ಕೂರುತ್ತದೆಯೇ ಎಂಬುದನ್ನು ವ್ಯಾಪಾರಿಗಳು ಬಿಲ್ಲಿನಲ್ಲಿಯೇ ನಮೂದಿಸಬೇಕೆಂದು ವಿನಂತಿಸುತ್ತೇನೆ. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದರೆ ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿಯೇ ವ್ಯಾಟ್ ಮುದ್ರಿತವಾಗಿರುತ್ತದೆ. ವ್ಯಾಪಾರಿ ಬರೆದುಕೊಡದಿದ್ದರೆ ಗ್ರಾಹಕರು ಹಣ ಕೊಡುವ ಮುನ್ನ ಅದನ್ನು ತೆಗೆಸಿ ನೋಡಲಿ.

– ಓದುಗ, ಟಿಳಕವಾಡಿ, ಬೆಳಗಾವಿ