ಬರೀ ಕ್ಲಿಕ್ ಅಂದರೆ?

ಪ್ರೀತಿಯ ಪುಟ್ಟಿ,

ಉಳಿದ ಸುದ್ದಿಗೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಕಾಗದದ ಕೊನೆಯಲ್ಲಿ ಕೇಳಿದ್ದೀಯಲ್ಲ, "ಮಾವ, ಪ್ರಾಣಕ್ಕೆ ಬಂದ ಹೊತ್ತಲ್ಲಿ ಟ್ರಿಗರ್ ಎಳೆದಾಗ ಗುಂಡು ಹಾರದೆ ಬರೀ ಕ್ಲಿಕ್ ಅಂದರೆ?" ಅಂತ. ಅದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನಿನ್ನ ಅತ್ತೆಯೂ ಇದನ್ನೇ ಕೇಳಿದ್ದಳು. ನಾನು ನಕ್ಕುಬಿಟ್ಟಿದ್ದೆ.

ಅವಳಿಗೆ .22 ರಿವಾಲ್ವರ್, ಅಂದರೆ ಸಣ್ಣ ಅಳತೆಯ ಗುಂಡಿನದು, ಆರಿಸಿದ್ದು ನಾನೇ. ಒದೆತ ಕಡಿಮೆ, ಅವಳ ಮಣಿಕಟ್ಟಿನ ನೋವಿಗೆ ಇದೇ ಸರಿ ಅಂದುಕೊಂಡೆ. 1857ರಲ್ಲಿ ಸ್ಮಿತ್ ಅಂಡ್ ವೆಸನ್‌ನವರು ಪುಟ್ಟ ರಿವಾಲ್ವರ್‌ಗೆಂದೇ .22 ಶಾರ್ಟ್ ಅನ್ನುವ ತೋಟೆ ಮಾಡಿದ್ದು, ಈಗಿನ ಲಾಂಗ್ ರೈಫಲ್ ತೋಟೆ 1887ರದ್ದು ಅಂತೆಲ್ಲ ಹೇಳಿ ದೊಡ್ಡ ಮನುಷ್ಯನಾದೆ. ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಲಿಲ್ಲ.

ಅವಳು ಹೋದ ಮೇಲೆ ಒಂದು ದಿನ ಅದನ್ನು ಬಿಚ್ಚಿದೆ. ನಾನು ತುಂಬಿಸಿಕೊಟ್ಟ ಎಂಟು ತೋಟೆ ವರ್ಷಗಟ್ಟಲೆ ಹಾಗೇ ಕೂತಿದ್ದವು. ಹಿತ್ತಾಳೆ ಕಪ್ಪಾಗಿತ್ತು. ಸೀಸದ ಮೇಲೆ ಬಿಳಿ ಪುಡಿ. ಒಂದರ ಗುಂಡು ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ಉಳಿದ ಏಳನ್ನು ಗುಂಡು ಹಾರಿಸಿ ಕಲಿಯುವ ರೇಂಜಿಗೆ ಒಯ್ದೆ. ಐದು ಹಾರಿದವು. ಎರಡು ಕ್ಲಿಕ್.

ಅರ್ಧ ನಿಮಿಷ ಕಾದು ಅವೆರಡನ್ನೂ ತೆಗೆದು ನೋಡಿದೆ. ಬುಡದ ಅಂಚಿನಲ್ಲಿ ಉಗುರು ಒತ್ತಿದಂಥ ಸಣ್ಣ ಗುಳಿ, ಅಷ್ಟೇ. ಈ .22 ತೋಟೆ ರಿಮ್‌ಫೈರ್ ಜಾತಿಯದು, ಅದರಲ್ಲಿ ಕಿಡಿ ಹತ್ತಿಸುವ ಮದ್ದು ಇರುವುದೇ ಆ ಅಂಚಿನ ಮಡಿಕೆಯೊಳಗೆ. ತಯಾರಿಸುವಾಗ ಹಸಿ ಮದ್ದು ಹಾಕಿ ಗಿರ್ರನೆ ತಿರುಗಿಸಿ ಅಂಚಿಗೆ ತಳ್ಳುತ್ತಾರೆ. ಎಲ್ಲೋ ಒಂದು ಕಡೆ ಅದು ತಲುಪದೆ, ಪಿನ್ನು ಸರಿಯಾಗಿ ಅಲ್ಲೇ ಬಡಿದರೆ ಠುಸ್. ಒಂದನ್ನು ಸ್ವಲ್ಪ ತಿರುಗಿಸಿ ಮತ್ತೆ ಹಾಕಿದೆ, ಹಾರಿತು. ಇನ್ನೊಂದು ಹಾರಲೇ ಇಲ್ಲ. ಇಷ್ಟು ವರ್ಷ ಅವಳು ಇದನ್ನು ನಂಬಿಕೊಂಡು ಮಲಗಿದ್ದಳು ಅಲ್ವಾ, ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ನಿನಗೆ ಧೈರ್ಯ ಹೇಳೋಣ ಅಂತ ಕೂತವನು ಇದನ್ನು ಬರೆಯುತ್ತಿದ್ದೇನೆ ನೋಡು. ಆದರೆ ನಿನ್ನ ಭಯ ಸುಳ್ಳಲ್ಲ. ಬುಡದ ನಡುವೆ ಕಿಡಿ ಮದ್ದಿನ ಬೇರೆ ಕ್ಯಾಪ್ ಇರುವ ಸೆಂಟರ್‌ಫೈರ್ ತೋಟೆಯಲ್ಲಿ ಈ ಕಾಟ ಕಮ್ಮಿ. ನಿನ್ನ ಕೈ ತಡೆದುಕೊಂಡರೆ ಅದನ್ನೇ ತಗೋ. ಇಲ್ಲ, .22 ಬೇಕು ಅಂದರೆ ರಿವಾಲ್ವರ್ ಇರಲಿ. ಒಂದು ಠುಸ್ ಆದರೂ ಮತ್ತೆ ಎಳೆದರೆ ಮುಂದಿನ ತೋಟೆ ಬರುತ್ತದೆ. ಪಿಸ್ತೂಲಿನ ಮ್ಯಾಗಜಿನ್‌ನಲ್ಲಿ ಅಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ತಾಪತ್ರಯ ಬೇರೆ. ರಿವಾಲ್ವರ್‌ನ ಟ್ರಿಗರ್ ಗಟ್ಟಿ ಅಂತ ಸ್ಪ್ರಿಂಗ್ ಸಡಿಲ ಮಾಡಿಸಬೇಡ, ಪಿನ್ನಿನ ಏಟು ಬಡವಾಗುತ್ತದೆ.

.22 ಗುಂಡಿನ ತೂಕ ಬರೀ 40 ಗ್ರೇನ್, ಎರಡೂವರೆ ಗ್ರಾಮಿಗೆ ಒಂಚೂರು ಜಾಸ್ತಿ. ಟೊಳ್ಳು ಮೂತಿಯದು ಗಿಡ್ಡ ನಳಿಗೆಯಿಂದ ಹೊರಟರೆ, ತಗುಲಿದಾಗ ಅರಳುವಷ್ಟು ವೇಗ ಎಷ್ಟೋ ಸಲ ಇರುವುದಿಲ್ಲ. ಗಟ್ಟಿ ಮೂತಿಯದೇ ವಾಸಿ ಅಂತ ನನ್ನ ಲೆಕ್ಕ. ಇದೂ ನಿನಗೆ ಜಾಸ್ತಿ ಆಯಿತೇನೋ.

ನಾನು ಅವಳಿಗೆ ಹೇಳಿಕೊಡಬೇಕಿದ್ದದ್ದು ಒಂದೇ. ರೇಂಜಿನಲ್ಲಿ ಕ್ಲಿಕ್ ಅಂದರೆ ನಳಿಗೆ ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾಯಬೇಕು, ಮದ್ದು ತಡವಾಗಿ ಹತ್ತಿದರೂ ಹತ್ತಬಹುದು. ಪ್ರಾಣಕ್ಕೆ ಬಂದ ಹೊತ್ತಲ್ಲಿ ಹಾಗೆ ಕಾಯೋದಕ್ಕಾಗಲ್ಲ, ತಕ್ಷಣ ಮತ್ತೆ ಎಳೆಯಬೇಕು. ಎರಡೂ ಒಂದಕ್ಕೊಂದು ಉಲ್ಟಾ. ಸುಮ್ನೆ ಕಾಗದ ಓದಿ ಕೈಗೆ ಬರುವಂಥದ್ದಲ್ಲ.

ಈ ಸಲ ಬಂದಾಗ ನಾನೇ ತುಂಬಿಸಿಕೊಡುತ್ತೇನೆ, ನಡುವೆ ಎಲ್ಲೋ ಹಾರಿಸಿ ಮುಗಿದ ತೋಟೆಯ ಖಾಲಿ ಕೇಸು ಸೇರಿಸಿ. ಯಾವುದು ಖಾಲಿ ಅಂತ ನಿನಗೆ ಹೇಳುವುದಿಲ್ಲ. ಅಲ್ಲಿಯವರೆಗೆ ಒಂದು ಕೆಲಸ ಮಾಡು. ಈಗ ನಿನ್ನ ಹತ್ತಿರ ಇರುವ ತೋಟೆ ಯಾವ ವರ್ಷ ತುಂಬಿಸಿದ್ದು ಅಂತ ಬರೆ.

ನಿನ್ನ ಮಾವ