ರೇಸಿಂಗ್ ಪುಸ್ತಕಕ್ಕೂ ಸರಿಯಾದ ವಿಮರ್ಶೆ ಬೇಕು

ಸಂಪಾದಕರೇ,

ಕಾರ್ ರೇಸಿಂಗ್ ಇತಿಹಾಸದ ಪುಸ್ತಕಗಳ ವಿಮರ್ಶೆ ಅಂದರೆ ಸಾಮಾನ್ಯವಾಗಿ ಇಷ್ಟೇ: ಫೋಟೊ ಸೊಗಸಾಗಿವೆ, ಕಾಗದ ಚೆನ್ನಾಗಿದೆ, ಬೆಲೆ ಸ್ವಲ್ಪ ಜಾಸ್ತಿ. ಬರೆದವರು ಯಾರು, ಆ ಘಟನೆಯಲ್ಲಿ ಅವರ ಪಾತ್ರ ಏನಿತ್ತು ಅಂತ ಯಾರೂ ಕೇಳುವುದಿಲ್ಲ. ಇಂಥ ಪುಸ್ತಕ ಸಂಗ್ರಹಿಸುವ ನನ್ನಂಥವರಿಗೆ ಬೇಕಾಗಿರುವುದೇ ಅದು.

ಒಂದು ಉದಾಹರಣೆ ನೋಡಿ. 1955ರ ಜೂನ್ 11, ಫ್ರಾನ್ಸ್‌ನ ಲೆ ಮಾನ್ಸ್ ರೇಸ್, ಒಂದೇ ಕಾರನ್ನು ಇಬ್ಬರು ಸರದಿಯಲ್ಲಿ ಓಡಿಸುವ 24 ಗಂಟೆಯ ಓಟ. ಮೈಕ್ ಹಾಥಾರ್ನ್ ತನ್ನ ಜಾಗ್ವಾರ್‌ನಲ್ಲಿ ಲ್ಯಾನ್ಸ್ ಮ್ಯಾಕ್ಲಿನ್‌ನ ಆಸ್ಟಿನ್ ಹೀಲಿಯನ್ನು ದಾಟಿ ಪಿಟ್‌ಗೆ (ಇಂಧನ ತುಂಬಿಸಲು, ಟೈರ್ ಬದಲಿಸಲು ಕಾರು ನಿಲ್ಲಿಸುವ ಜಾಗ) ಹೋಗಲು ಬ್ರೇಕ್ ಹಾಕಿದ, ಹಿಂದಿದ್ದ ಮ್ಯಾಕ್ಲಿನ್ ತಪ್ಪಿಸಿಕೊಳ್ಳಲು ಎಡಕ್ಕೆ ಸರಿದ, ವೇಗವಾಗಿ ಬರುತ್ತಿದ್ದ ಪಿಯರ್ ಲೆವೆಗ್‌ನ ಮರ್ಸಿಡಿಸ್ ಅವನ ಕಾರಿಗೆ ಬಡಿದು ಹಾರಿತು. ಅದರ ಎಂಜಿನ್, ಬಾನೆಟ್ ಜನರ ನಡುವೆ ನುಗ್ಗಿದವು. ಲೆವೆಗ್ ಸತ್ತ, 80ರಷ್ಟು ಪ್ರೇಕ್ಷಕರೂ ಸತ್ತರು. ರೇಸ್ ಮಾತ್ರ ನಿಲ್ಲಲಿಲ್ಲ. ಗೆದ್ದಿದ್ದು ಹಾಥಾರ್ನ್ ಜೋಡಿಯೇ!

1958ರಲ್ಲಿ ಹಾಥಾರ್ನ್‌ನ ಆತ್ಮಕಥೆ ಬಂತು. ತನ್ನ ತಪ್ಪಿಲ್ಲ ಅಂದ, ಯಾರ ತಪ್ಪು ಅನ್ನಲಿಲ್ಲ. ಲೆವೆಗ್ ಬದುಕಿಲ್ಲ, ಹಾಗಾದರೆ ಉಳಿದವನು ತಾನೇ ಅಲ್ವಾ ಅಂತ ಮ್ಯಾಕ್ಲಿನ್ ಮಾನನಷ್ಟ ಮೊಕದ್ದಮೆ ಹೂಡಿದ. ಅದು ತೀರ್ಮಾನವಾಗುವ ಮೊದಲೇ, 1959ರ ಜನವರಿಯಲ್ಲಿ, ಹಾಥಾರ್ನ್ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅಧಿಕೃತ ತನಿಖೆಯಂತೂ ಯಾವ ಚಾಲಕನನ್ನೂ ಹೊಣೆ ಮಾಡಿರಲಿಲ್ಲ. ಆಗ ಪಿಟ್‌ಗೂ ಟ್ರ್ಯಾಕ್‌ಗೂ ನಡುವೆ ಒಂದು ಗೋಡೆಯೂ ಇರಲಿಲ್ಲ.

ಇಷ್ಟೆಲ್ಲ ಗೊತ್ತಿಲ್ಲದೆ ಆ ಆತ್ಮಕಥೆಯನ್ನು ಸುಮ್ನೆ ಹೊಗಳಿದರೆ ಓದುಗನಿಗೇನು ಲಾಭ? ಪುಸ್ತಕ ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಏನನ್ನು ಹೇಳದೆ ಬಿಟ್ಟಿದ್ದಾನೆ ಅನ್ನೋದಕ್ಕಾಗಿಯೇ ಅದನ್ನು ಇಟ್ಟುಕೊಳ್ಳಬೇಕು. ಆದರೆ ಪಕ್ಕದಲ್ಲಿ ಅದೇ ಅಪಘಾತದ ಬಗ್ಗೆ ಬೇರೆಯವರು ಬರೆದ ಇನ್ನೊಂದು ಪುಸ್ತಕ ಇರಲಿ.

ಹಳೇ ಪುಸ್ತಕದ ವ್ಯಾಪಾರವೂ ವಿಚಿತ್ರ. ಮೇಲಿನ ಜಾಕೆಟ್ ಹರಿದಿದ್ದರೆ ಬೆಲೆ ಬಿದ್ದುಹೋಗುತ್ತದೆ, ಒಳಗಿನ ತಪ್ಪಿಗೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ನಾನು ಮೊದಲು ತೆರೆಯುವುದು ಕೊನೆಯ ಪುಟಗಳನ್ನು: ಪದಸೂಚಿ ಇದೆಯಾ, ಫಲಿತಾಂಶದ ಪಟ್ಟಿ ಇದೆಯಾ? ಆಮೇಲೆ ಫೋಟೊ ಕೆಳಗಿನ ಸಾಲು. ಆ ರೇಸ್‌ನಲ್ಲಿ 20ನೇ ನಂಬರಿನ ಮರ್ಸಿಡಿಸ್ ಲೆವೆಗ್‌ನದು, 19 ಫಾಂಜಿಯೊ ಮತ್ತು ಮಾಸ್ ಓಡಿಸಿದ್ದು. ಎರಡೂ ಒಂದೇ ಮಾದರಿ, ಒಂದೇ ಬೆಳ್ಳಿ ಬಣ್ಣ. ನಂಬರ್ ನೋಡದೆ ಹೆಸರು ಬರೆದರೆ ಅದಲುಬದಲು ಆಗೋದು ಸುಲಭ.

ನಿಮ್ಮ ಪುಸ್ತಕ ಪುಟದಲ್ಲಿ ಇಂಥ ಪುಸ್ತಕ ಬಂದಾಗ, ಕಾರು ಓಡಿಸಿದವರಿಗೋ ಹಳೇ ರೇಸ್‌ಗಳನ್ನು ಬಲ್ಲವರಿಗೋ ವಿಮರ್ಶೆಗೆ ಕೊಡಿ. ಅರ್ಧ ಕಾಲಂ ಸಾಕು.

– ಒಬ್ಬ ಓದುಗ, ಬೆಂಗಳೂರು